ಅತ್ತೆಯ ಕೈಯ ಅಳತೆ

ನನಗೊಂದು ಚಟವಿದೆ. ಹೆಂಗಸರ ಕೈ ಸಿಕ್ಕರೆ ಸುಮ್ಮನೆ ಬಿಡುವುದಿಲ್ಲ.

ಹೋದ ತಿಂಗಳು ಮೊಮ್ಮಗಳ ಕಾಲೇಜಿಗೆ ಹೋಗಿದ್ದೆ. ಅವಳಿಗೆ ಪಾಠ ಹೇಳುವ ಮೇಡಂ, ಮೂವತ್ತು ದಾಟದ ಹುಡುಗಿ, ನಗುತ್ತ ಕೈ ಚಾಚಿದಳು. ಈಗಿನವರಿಗೆ ನಮಸ್ಕಾರಕ್ಕಿಂತ ಕೈ ಕುಲುಕುವುದು ಸಲೀಸು. ಕುಲುಕಿ ಬಿಡಬೇಕಾದ ಕೈಯನ್ನು ನಾನು ಹಿಡಿದುಕೊಂಡೇ ನಿಂತೆ. ಹೆಬ್ಬೆರಳ ಬುಡ ಒತ್ತಿದೆ, ಗೆಣ್ಣುಗಳನ್ನು ಒಟ್ಟು ಸೇರಿಸಿ ನೋಡಿದೆ, ಉಗುರನ್ನು ಅದುಮಿ ಬಿಟ್ಟೆ. "ಎರಡು-ನಾಕು" ಎಂದೆ. ಮೊಮ್ಮಗಳ ಮಾರ್ಕಿನ ಬಗ್ಗೆ ಏನೋ ಕೇಳುತ್ತಿದ್ದೇನೆಂದು ಅವಳು ಗಾಬರಿಯಾದಳು.

"ಬಳಿ ಅಳತಿರಿ ಮೇಡಂ. ಅದಿರ್ಲಿ, ನಿಮ್ಮ ಉಗುರಾಗ ರಕ್ತಽ ಇಲ್ಲ. ಒತ್ತಿ ಬಿಟ್ರ ಬೆಳ್ಳಗ ಉಳೀತಾವ. ತಿಂಗಳಿಗಿ ಭಾಳ ಹೋಗ್ತದೇನ್ರಿ?"

ಮೊಮ್ಮಗಳು ನನ್ನ ಸೆರಗು ಹಿಡಿದು ಹೊರಗೆ ಎಳೆದಳು. ಆಟೋ ನೌಬಾದ ದಾಟಿದ ಮೇಲೆ, "ಅಜ್ಜೀ, ಇನ್ನ ಮುಂದ ನೀ ಕೈ ಕಟ್ಟಿಕೊಂಡು ಬಾ" ಅಂದಳು. ಕಟ್ಟಿಕೊಳ್ಳಲು ನೋಡಿದೆ. ಒಂದು ಕೈ ಇನ್ನೊಂದು ಕೈಯ ಅಳತೆ ತೆಗೆಯತೊಡಗಿತು.

ನಾನು ಬಳೆ ವ್ಯಾಪಾರದವಳು. ಈಗ ಬೀದರಿನ ಚೌಬಾರಾದ ಹತ್ತಿರ ಗಾಜಿನ ಕಪಾಟಿರುವ ಅಂಗಡಿಯಿದೆ, ಮೇಲೆ ಪಂಖಾ ತಿರುಗುತ್ತದೆ, ಸೊಸೆ ದುಡ್ಡಿನ ಗಲ್ಲೆಯ ಮುಂದೆ ಕೂಡುತ್ತಾಳೆ. ಶುರುವಾದದ್ದು ಮಾತ್ರ ಭಾಲ್ಕಿಯಲ್ಲಿ, ಒಂದು ಬಿದಿರಿನ ಬುಟ್ಟಿಯಿಂದ. ಓದಿದವಳಲ್ಲ, ಆದರೆ ಮಾತಿನಲ್ಲಿ ಸೋತವಳೂ ಅಲ್ಲ. ನಿಮಗೆ ಒಂದೆರಡು ಮಾತು ಪುಕ್ಕಟೆ ಹೇಳುತ್ತೇನೆ, ಯಾಕೆಂದರೆ ಪುಕ್ಕಟೆ ನಾನು ಕೊಡುವುದು ಸಲಹೆಯನ್ನು ಮಾತ್ರ. ಬಟ್ಟೆ ಒಗೆದು ಬಂದ ಕೂಡಲೇ ಬಳೆ ಇಡಿಸಿಕೊಳ್ಳಬೇಡಿ. ಕೈ ಉಬ್ಬಿರುತ್ತದೆ, ದೊಡ್ಡ ಅಳತೆ ಏರಿಸುತ್ತಾರೆ, ಸಂಜೆಗೆ ರೊಟ್ಟಿ ಬಡಿಯುವಾಗ ಹಿಟ್ಟಿನೊಳಗೆ ಜಾರಿ ಬೀಳುತ್ತದೆ. ಇನ್ನು ಬೆಲೆ ಕೇಳಿದಾಗ ಬೈಯಬೇಡಿ, ನಗಿರಿ. ಬೈಗುಳಕ್ಕೆ ನಮ್ಮ ಹತ್ತಿರ ಉತ್ತರವಿರುತ್ತದೆ, ನಗುವಿಗೆ ಇರುವುದಿಲ್ಲ.

ಕೈ ಹಿಡಿಯುವ ಚಟ ನನ್ನ ಅತ್ತೆ ಕಾಶಮ್ಮನದು, ನನಗೆ ಅವಳಿಂದ ಬಂದದ್ದು. ಭಾಲ್ಕಿಯಿಂದ ಔರಾದಿನ ಗಡಿಯವರೆಗೆ, ಇತ್ತ ಕಮಠಾಣದವರೆಗೆ, ಎಲ್ಲ ಹೆಂಗಸರ ಕೈಯ ಅಳತೆ ಅವಳ ಬೆರಳ ತುದಿಯಲ್ಲಿತ್ತು. ಯಾರೂ ಅಳೆಯದೆ ಉಳಿದದ್ದು ಒಂದೇ ಕೈ, ಅವಳದೇ ಕೈ. ದಿನಾ ಪಕ್ಕದಲ್ಲಿ ನಡೆಯುತ್ತಿದ್ದ ನಾನೂ ಅದನ್ನು ಹಿಡಿದು ನೋಡಲಿಲ್ಲ, ನೋಡಲೇಬೇಕಾಗಿದ್ದ ಆರು ತಿಂಗಳಲ್ಲಿ ಸಹ. ಆ ಆರು ತಿಂಗಳನ್ನು ತಿರುಗಿ ಕೊಡುತ್ತೇನೆಂದು ಯಾರಾದರೂ ಬಂದರೆ, ಬೆಲೆ ಮಾಡದೆ ಅಂಗಡಿಯ ಕೀಲಿಕೈ ಕೊಟ್ಟುಬಿಡುತ್ತೇನೆ.

ಅತ್ತೆಯ ಗಂಡ ಬೇಗ ತೀರಿಕೊಂಡಿದ್ದ. ಗಂಡ ಇಲ್ಲದವಳು ಇನ್ನೊಬ್ಬಳ ಕೈಗೆ ಬಳೆ ಏರಿಸುವುದನ್ನು ಆಗ ಯಾರ ಮನೆಯಲ್ಲೂ ಒಪ್ಪುತ್ತಿರಲಿಲ್ಲ. ನಾನು ಸೊಸೆಯಾಗಿ ಬರುವತನಕ ಅವಳ ಮಗ, ಅಂದರೆ ನನ್ನ ಗಂಡ, ಏರಿಸುತ್ತಿದ್ದ. ಗಂಡಸು ಕೈ ಹಿಡಿದಾಗ ಯಾವ ಹೆಂಗಸು ಬಾಯಿ ಬಿಡುತ್ತಾಳೆ? ನಾನು ಬಂದ ಮೇಲೆ ಅವನು ಹೈದರಾಬಾದಿನಿಂದ ಮಾಲು ತರುವ ಕೆಲಸ ಹಿಡಿದ, ಊರೂರು ತಿರುಗುವುದು ಅತ್ತೆ ಸೊಸೆಯರ ಪಾಲಾಯಿತು. ಕೈಯನ್ನು ನಾದಿ ಮೆತ್ತಗೆ ಮಾಡಿ ಅಳತೆ ಹೇಳುವುದು ಅವಳ ಕೆಲಸ, ಬಳೆ ಏರಿಸುವುದು ನನ್ನದು. ಅವಳು ನಾದುವ ಆ ಅರೆಗಳಿಗೆಯಲ್ಲಿ ಎದುರಿಗಿದ್ದವಳ ಮೈಯ ಸುದ್ದಿಯೆಲ್ಲ ಕೈಯಿಂದ ಕೈಗೆ ಇಳಿಯುತ್ತಿತ್ತು.

ದೊಡ್ಡವಳಾದ ಹುಡುಗಿಯ ಕೈ ತಣ್ಣಗಿದ್ದರೆ ಅವಳ ತಾಯಿಗೆ, "ಹಿತ್ತಲ ಕಲ್ಲಿನ ಮ್ಯಾಲ ಕೂಡಿಸಿದ್ದಿ ಏನ? ಕಂಬಳಿ ಹಾಸು. ಎಳ್ಳು ಬೆಲ್ಲ, ಉತ್ತತ್ತಿ ಕೊಡು" ಎನ್ನುತ್ತಿದ್ದಳು. ಬಾಣಂತಿಯ ಗೆಣ್ಣು ಬಿರುಸಾಗಿದ್ದರೆ ಅಂಟಿನ ಉಂಡೆ ಅವಳ ಬಾಯಿಗೆ ಹೋಗಿದೆಯೋ ನಾದಿನಿಯರ ಬಾಯಿಗೆ ಹೋಗಿದೆಯೋ ಎಂಬ ವಿಚಾರಣೆ. ಐದಾರು ಹೆತ್ತವಳ ಕೈ ಹಿಡಿದರೆ ಏನೂ ಅನ್ನುತ್ತಿರಲಿಲ್ಲ, ಸ್ವಲ್ಪ ಹೆಚ್ಚು ಹೊತ್ತು ನಾದುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡದು ಅವಳ ಕೊಸರಿನ ಕರಾರು. ಡಜನ್ ಬಳೆ ಕೊಂಡವರು ಮೇಲೊಂದು ಕೊಸರು ಕೇಳುವುದು ಪದ್ಧತಿ. ಅತ್ತೆ ಕೊಸರಿನ ಬಳೆಯನ್ನು ಬೆರಳಲ್ಲಿ ತಿರುಗಿಸುತ್ತ ಮನೆಯ ಹಿರಿಯಳಿಗೆ ಹೇಳುತ್ತಿದ್ದಳು:

"ಕೊಡ್ತೇನಿ. ಆದ್ರ ನಿಮ್ಮ ಸೊಸಿ ನನ್ನ ಮುಂದ ಕೂತು ಒಂದು ರೊಟ್ಟಿ ಉಣಬೇಕು. ಬಿಸೀದು. ಮ್ಯಾಲ ಶೇಂಗಾ ಹಿಂಡಿ."

ಎಲ್ಲರದೂ ಆದಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದ ಸೊಸೆಯರು ಒಂದು ಗಾಜಿನ ಬಳೆಯ ನೆಪದಲ್ಲಿ ಮಧ್ಯಾಹ್ನ ಬಿಸಿ ರೊಟ್ಟಿ ತಿನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಬುಟ್ಟಿಯಲ್ಲಿ ಬಳೆ ಕಡಿಮೆಯಾಗುತ್ತಿತ್ತಲ್ಲ! ಕೇಳಿದರೆ, "ತಿಂದ ಕೈ ದುಂಡಗಾಗ್ತದ, ಮುಂದಿನ ಸಲ ಹೊಸಾ ಅಳತಿ ಬೇಕಾಗ್ತದ. ವ್ಯಾಪಾರಽ ಅದು" ಅನ್ನುತ್ತಿದ್ದಳು. ನಾನು ನಂಬಿದೆ. ಅವಳು ವ್ಯಾಪಾರ ಮಾಡುತ್ತಿರಲಿಲ್ಲ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಆ ದಿನಗಳಲ್ಲೇ ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಿನ್ನೆಯವರೆಗೆ ನಮ್ಮವೇ ಆಗಿದ್ದ ಕೆಲವು ಹಳ್ಳಿಗಳು ಗಡಿಯ ಆ ಕಡೆ ಬೇರೆ ರಾಜ್ಯಕ್ಕೆ ಹೋದವು. ಗಡಿಯ ಹತ್ತಿರದ ಹಳ್ಳಿ ಡಾಬಕಾದ ಕಟ್ಟೆಯ ಮೇಲೆ ಗಂಡಸರು ಕೂತು ಇನ್ನು ಉರ್ದು ಇರುತ್ತದೋ ಹೋಗುತ್ತದೋ, ಕಚೇರಿ ಎಲ್ಲಿ, ಕಾಗದ ಯಾವ ಭಾಷೆಯಲ್ಲಿ ಎಂದು ವಾದಿಸುತ್ತಿದ್ದರು. ಅತ್ತೆ ಬುಟ್ಟಿ ಇಳಿಸಿ, "ರಾಜ್ಯ ಬದಲಾಗ್ಯದ ಅಂತ. ಕೈ ಬದಲಾಗ್ಯಾವೇನು ನೋಡೋಣ ನಡಿ" ಎಂದು ಗಡಿಯ ಆ ಕಡೆಗೂ ನಡೆದಳು.

ಆದರೆ ಒಂದು ಬದಲಾವಣೆ ನಮಗೂ ಬಂತು. ಬೀದರಿನ ದವಾಖಾನೆಗೆ ಮೈಸೂರು ಕಡೆಯ ಹೆಣ್ಣು ಡಾಕ್ಟರು ಬಂದಿದ್ದಾರೆ, ಮುಡಿಯಲ್ಲಿ ಹೂವು, ಕೈಯಲ್ಲಿ ಗಡಿಯಾರ, ಬೈಯುವಾಗಲೂ ಬಹುವಚನ ಎಂದು ಬಸ್ಸಿನಲ್ಲಿ ಹೆಂಗಸರು ಹೇಳಿಕೊಳ್ಳುತ್ತಿದ್ದರು. ನೋಡಲು ಆಸೆಯಾಗಿತ್ತು. ಕಾರಣ ಸಿಕ್ಕಿದ್ದು ಡಾಬಕಾದ ಒಂದು ಕುಬಸದಲ್ಲಿ.

ಏಳು ತಿಂಗಳ ಬಸುರಿಗೆ ಹಸಿರು ಬಳೆ ಇಡಿಸುವ ದಿನ. ಬಸುರಿಯ ಹೆಸರು ಸುಭದ್ರಾ, ಅವಳ ಅತ್ತೆ ತಾನಾಬಾಯಿ. ಅಂಗಳ ತುಂಬ ಹೆಂಗಸರು. ತಾನಾಬಾಯಿ ಸಂಭ್ರಮದಿಂದ, "ನೋಡ್ರಿ ಕಾಶಮ್ಮ, ನಮ್ಮ ಸೊಸಿ ಹ್ಯಾಂಗ ಮೈ ತುಂಬ್ಯಾಳ! ಹ್ವಾದ ಸಲದ ಬಳಿ ಏರೂದೇ ಇಲ್ಲ" ಅಂದಳು. ಕೈಗೆ ಎಣ್ಣೆ ಹಚ್ಚಿಕೊಂಡು ನಾನು ಬಳೆ ಪೋಣಿಸಿದ ಮಲಾರದಿಂದ ಎರಡು-ಎಂಟರ ಸರ ಬಿಚ್ಚಿದೆ. ದೊಡ್ಡ ಅಳತೆ ಬೇಗ ಖರ್ಚಾಗುವುದಿಲ್ಲ, ಇವತ್ತು ಹೋಗುತ್ತದಲ್ಲ ಎಂಬ ಖುಷಿ ನನಗೆ.

ಅತ್ತೆ ಸುಭದ್ರಾಳ ಅಂಗೈ ತಿರುಗಿಸಿ, ಕೈಯ ಬೆನ್ನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಬಿದ್ದ ಕುಳಿ ಹಾಗೇ ನಿಂತಿತು, ನಾದಿದ ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ.

"ರುಕ್ಮಾ, ಬಳಿ ಕೆಳಗಿಡು" ಅಂದಳು ನನಗೆ. "ಇದು ಮೈ ಅಲ್ಲ, ನೀರು. ತಂಗೀ, ತಲಿ ನೋಯ್ತದೇನ?"

"ಎಂಟು ದಿನ ಆತ್ರಿ. ಕಣ್ಣ ಮುಂದ ಚಿಕ್ಕಿ ಹಾರಿದಾಂಗ ಆಗ್ತದ" ಎಂದಳು ಸುಭದ್ರಾ, ಮೆಲ್ಲಗೆ.

"ದವಾಖಾನಿಗಿ ಒಯ್ಯಿರಿ ಈಕಿನ್ನ. ಬಳಿ ಆಮ್ಯಾಲ."

ತಾನಾಬಾಯಿಯ ಮುಖ ಕೆಂಪಾಯಿತು. "ಕುಬಸದ ದಿನ ಬಳಿ ಬ್ಯಾಡ ಅಂತೀಯಲ್ಲ! ಅದೂ ಬರಿಗೈ ಇದ್ದಾಕಿ ಬಾಯಾಗ ಇಂಥ ಮಾತು!"

ಅತ್ತೆ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಮಗಳ ಕೈನೂ ಹೀಂಗಽ ಇತ್ತು ತಾನಾಬಾಯಿ. ನಾನೂ ಮೈ ಬಂದದ ಅಂತ ಮಂದಿಗೆಲ್ಲ ಹೇಳಿದ್ದೆ" ಅಂದಳು.

ಅವಳಿಗೊಬ್ಬ ಮಗಳಿದ್ದಳೆಂಬುದು ನನಗೆ ಗೊತ್ತಿತ್ತು. ಹೆರಿಗೆಯಲ್ಲಿ ಹೋದಳೆಂಬುದೂ ಗೊತ್ತಿತ್ತು. ಕೈಯ ಮಾತು ಅವತ್ತೇ ಕೇಳಿದ್ದು. ಎಣ್ಣೆ ಹಚ್ಚಿದ ಕೈಯನ್ನು ನಾನು ಒರೆಸಿಕೊಂಡೆ. ಆದರೆ ಸೆರಗಿನೊಳಗೆ ಹೋದ ಆ ಕೈಯನ್ನು ಹೊರಗೆಳೆದು ಹಿಡಿದುಕೊಳ್ಳಬೇಕು ಅನ್ನುವುದು ಹೊಳೆಯಲಿಲ್ಲ. ನನ್ನ ತಲೆ ಆಗಲೇ ಸೌದಾಕ್ಕೆ ಇಳಿದಿತ್ತು.

"ಬಾಯೀ, ಶಾಸ್ತ್ರ ತಪ್ಪಿಸೂದು ಬ್ಯಾಡ್ರಿ. ಈಗ ಸಡಿಲ ಇರೂವು ಒಂದೊಂದು ಕೈಗಿ ಒಂದೊಂದು ಇಡ್ತೇನಿ, ಆರತಿ ಮಾಡ್ರಿ. ನಾಳಿಗಿ ಬೀದರಿಗಿ ಒಯ್ಯಿರಿ. ಡಾಕ್ಟರು ಹೂಂ ಅಂದ ದಿನ ನಾನಽ ಅಲ್ಲಿಗಿ ಬಂದು ಉಳದದ್ದೆಲ್ಲಾ ಇಡ್ತೇನಿ."

"ಕೊಸರು?" ಅಂದಳು ತಾನಾಬಾಯಿ. ಸಿಟ್ಟಿನಲ್ಲೂ ಮರೆಯಲಿಲ್ಲ.

"ನಿಮಗೂ ಇಡ್ತೇನ್ರಿ, ಮೊಣಕೈತನಾ!"

ಹೆಂಗಸರು ನಕ್ಕರು, ಬಂಡಿ ಹೂಡುವ ಮಾತು ನಿಶ್ಚಯವಾಯಿತು. ನನ್ನ ಜೀವನದ ಒಳ್ಳೆಯ ಸೌದಾಗಳಲ್ಲಿ ಅದೊಂದು. ಡಾಕ್ಟರು ಸುಭದ್ರಾಳನ್ನು ಅಲ್ಲೇ ಇಟ್ಟುಕೊಂಡರು. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹುಟ್ಟಿದ ಹೆಣ್ಣುಕೂಸು ಒಂದು ಹಿಡಿಯಷ್ಟಿತ್ತು, ಬದುಕಿತು. ಕೊಟ್ಟ ಮಾತಿನಂತೆ ನಾನು ಅತ್ತೆಯನ್ನು ಕರೆದುಕೊಂಡು ಬುಟ್ಟಿ ಸಮೇತ ದವಾಖಾನೆಗೆ ಹೋದೆ.

ಡಾಕ್ಟರು ನನಗಿಂತ ಐದಾರು ವರ್ಷಕ್ಕೆ ದೊಡ್ಡವರಿರಬೇಕು. "ಈಕೆ ಕೈ ನೋಡಿ ಕಳಿಸಿದವರು ನೀವೇನಾ?" ಎಂದರು.

"ನಾ ಅಲ್ರಿ ಡಾಕ್ಟರ್‌ಬಾಯಿ, ನಮ್ಮ ಅತ್ತಿ. ನಿಮ್ಮ ಕೈಗಿ ಎರಡು-ಆರು ಬರ್ತದ, ಹೈದರಾಬಾದ ಮಾಲದ, ತೋರಿಸ್ಲೇನು?"

ಅವರು ನಕ್ಕರು. ಬಳೆ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಅತ್ತೆಯ ಎದುರು ಸ್ಟೂಲು ಎಳೆದು ಕೂತು, "ಎಲ್ಲಿ ಅಮ್ಮಾ, ಹೇಗೆ ನೋಡ್ತೀರಿ ನನಗೂ ಹೇಳಿಕೊಡಿ" ಎಂದು, ಕಲಿಯುವ ಹುಡುಗಿಯ ಹಾಗೆ, ಅತ್ತೆಯ ಕೈಯನ್ನೇ ತಮ್ಮ ಕೈಯಲ್ಲಿ ತೆಗೆದುಕೊಂಡರು.

ಗಂಡ ಸತ್ತಂದಿನಿಂದ ಆ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಅತ್ತೆ, "ಇಲ್ಲಿ ಒತ್ತಬೇಕ್ರಿ... ಉಗುರು ಹೀಂಗ..." ಎಂದು ಹೇಳಿಕೊಡತೊಡಗಿದಳು. ಡಾಕ್ಟರು ಉಗುರು ಒತ್ತಿದರು, ಬಿಟ್ಟರು. ಮತ್ತೆ ಒತ್ತಿದರು. ಅವರ ಮುಖದ ನಗು ಹೋಯಿತು.

"ಅಮ್ಮಾ, ಎಷ್ಟು ದಿನದಿಂದ ರಕ್ತ ಹೋಗ್ತಾ ಇದೆ?"

"ಏನಿಲ್ರಿ. ದಾರಿ ನಡದು ದಣದೀನಿ." ಅತ್ತೆ ಕೈ ಬಿಡಿಸಿಕೊಂಡು, ಬುಟ್ಟಿಯನ್ನೂ ನನ್ನನ್ನೂ ಬಿಟ್ಟು ಹೊರಗೆ ನಡೆದಳು.

ಬೇವಿನ ಮರದ ಕೆಳಗೆ ಹಿಡಿದೆ. ಅವಳು ಮುಖ ಆ ಕಡೆ ಮಾಡಿಕೊಂಡು ಹೇಳಿದಳು: "ಮುಟ್ಟು ನಿಂತು ಆರು ವರ್ಷ ಆಗಿತ್ತು. ಹ್ವಾದ ದಸರಾದಾಗ ತಿರುಗಿ ಬಂತು. ಈ ವಯಸ್ಸಿನಾಗ ಮುಟ್ಟಾಗೀನಿ ಅಂದ್ರ ಮಂದಿ ನಗೂದಿಲ್ಲೇನು? ಸುಮ್ಮ ದೂರ ಕೂತೆ. ಮೂರು ದಿನ ಐದಾತು, ಐದು ಹತ್ತಾತು."

ಆಗ ನನಗೆ ಒಂದೊಂದೇ ತಿಳಿಯುತ್ತ ಬಂತು. ದಸರೆಯಿಂದ ಅವಳು ಒಲೆಯ ಹತ್ತಿರ ಬರುತ್ತಿರಲಿಲ್ಲ. ಅಡಿಗೆಮನೆಯ ಯಜಮಾನಿಕೆ ನನಗೆ ಬಿಟ್ಟುಕೊಟ್ಟಳೆಂದು ನಾನು ಹಿಗ್ಗಿದ್ದೆ. ದೇವರಿಗೆ ದೀಪ ಹಚ್ಚುವುದನ್ನು ಬಿಟ್ಟಿದ್ದಳು. ವಯಸ್ಸಾಯಿತು, ಸೋಮಾರಿತನ ಎಂದುಕೊಂಡಿದ್ದೆ. ಬಿಳಿ ಸೀರೆ ಬಿಟ್ಟು ಕರಿ ನೀಲಿ ಸೀರೆ ಉಡತೊಡಗಿದಾಗ ನಾನು ಏನು ಹೇಳಿದ್ದೆ ಗೊತ್ತೇ? "ಶ್ಯಾಣ್ಯಾಕಿ ಆದ್ರಿ ಅತ್ತಿ! ದಾರಿ ಧೂಳು ಕಾಣೂದಿಲ್ಲ, ಸಬಕಾರ ಉಳೀತದ." ಅವಳು ಹೌದೆಂದು ತಲೆಯಾಡಿಸಿದ್ದಳು. ಊರೂರ ಹೆಂಗಸರಿಗೆ ಮೈಯ ಬುದ್ಧಿ ಹೇಳಿದವಳು ತನ್ನ ಮೈಯಲ್ಲಿ ಬಂದ ರೋಗವನ್ನು ಮುಟ್ಟೆಂದು ತಿಳಿದು, ಅದಕ್ಕೆ ಮಡಿ ಮೈಲಿಗೆಯ ಲೆಕ್ಕ ಹಿಡಿದು, ತನ್ನ ಮನೆಯಲ್ಲೇ ಕದ್ದು ಹೊರಗೆ ಕೂತಿದ್ದಳು. ಶ್ಯಾಣ್ಯಾಕಿ ನಾನು, ಸಾಬೂನು ಉಳಿಸುತ್ತಿದ್ದೆ.

"ಒಳಗ ನಡೀರಿ" ಅಂದೆ.

"ಹೋಗಽ ಹುಚ್ಚಿ. ಹಡಿಯೂದಿಲ್ಲ, ಹಾಲು ಕೊಡೂದಿಲ್ಲ, ಈ ಮೈಯಾಗ ಇನ್ನ ನೋಡೂದು ಏನದ?"

ಅತ್ತೆಗೆ ಹಾಗೆಲ್ಲ ಎದುರಾಡಿದವಳಲ್ಲ ನಾನು. ಅವತ್ತು ನೆಲದ ಮೇಲೆ ಕೂತುಬಿಟ್ಟೆ. "ನೀವು ಒಳಗ ಬರೂತನಾ ನಾ ಬುಟ್ಟಿ ಹೊರೂದಿಲ್ಲ. ಸುಭದ್ರಾಗೂ ಇಡೂದಿಲ್ಲ, ಯಾರಿಗೂ ಇಡೂದಿಲ್ಲ. ನೀವಽ ಏರಸ್ರಿ ಬೇಕಾದ್ರ."

ಗಂಡನಿಲ್ಲದ ಅವಳು ಏರಿಸುವಂತಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಕೆಟ್ಟ ಸೌದಾ, ಆದರೆ ಬೇರೆ ಮಾಲು ನನ್ನ ಹತ್ತಿರ ಇರಲಿಲ್ಲ. ಅವಳು ನನ್ನನ್ನೇ ನೋಡುತ್ತ ನಿಂತಳು. ಆಮೇಲೆ, ನಾನು ಕಲಿಸಿದವಳು ನನಗೇ ಬೆಲೆ ಹೇಳುತ್ತಿದ್ದಾಳಲ್ಲ ಎಂಬಂಥ ಒಂದು ಸಣ್ಣ ನಗು.

"ಬರ್ತೇನಿ. ಕೊಸರು ಏನ್ ಕೊಡ್ತಿ?"

"ಏನ್ ಬೇಕ್ರಿ?"

"ಇನ್ನ ಮುಂದ ಅಳತಿನೂ ನೀನಽ ಹೇಳಬೇಕು. ಹಿಡಿ, ಮೊದಲ ನಂದಽ ಹೇಳು."

ಸೆರಗಿನಿಂದ ಕೈ ಹೊರಬಂತು. ಹಿಡಿದೆ. ಹೆಬ್ಬೆರಳ ಬುಡದಲ್ಲಿ ಒಂದು ಗಂಟು, ವರ್ಷಗಟ್ಟಲೆ ಪರರ ಕೈ ಒತ್ತಿ ಒತ್ತಿ ಬೆಳೆದದ್ದು. ಅಂಗೈಯಲ್ಲಿ ಮಾಂಸವೇ ಇರಲಿಲ್ಲ. "ಎರಡು-ನಾಕು" ಅಂದೆ.

"ತಪ್ಪು. ಎರಡು-ಆರು. ಮಾಂಸ ಇಳದದ, ಎಲುಬು ಇಳದಿಲ್ಲ. ಬಳಿ ದಾಟಬೇಕಾದದ್ದು ಎಲುಬು ನೋಡು."

ಗರ್ಭಚೀಲದ ಬಾಯಿಯಲ್ಲಿ ಕ್ಯಾನ್ಸರಿನ ಹುಣ್ಣಾಗಿತ್ತು. ದಸರೆಯಲ್ಲೇ ಬಂದಿದ್ದರೆ ಮಾತು ಬೇರೆ ಇತ್ತೆಂದು ಡಾಕ್ಟರು ನನಗೊಬ್ಬಳಿಗೇ ಹೇಳಿದರು. ಹೈದರಾಬಾದಿನ ದೊಡ್ಡ ದವಾಖಾನೆಗೆ ಕಾಗದ ಬರೆದುಕೊಟ್ಟರು. ರಾಜ್ಯ ಬೇರೆಯಾಗಿದ್ದರೂ ರೈಲು ಅದೇ ಇತ್ತು. ಅಲ್ಲಿ ಶಾಖ ಕೊಟ್ಟರು, ರಕ್ತ ನಿಂತಿತು. ಅದಾದ ಮೇಲೆ ಅವಳು ಎರಡು ಎಳ್ಳಮಾವಾಸ್ಯೆ ಕಂಡಳು. ಮೊದಲನೆಯದಕ್ಕೆ ಹೊಲದವರೆಗೆ ನಡೆದೇ ಬಂದು, ಕಾಳು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿಗೆ ಉಪ್ಪು ಕಡಿಮೆಯೆಂದು ನನ್ನನ್ನು ಬೈದಳು. ಎರಡನೆಯದಕ್ಕೆ ಬಂಡಿಯಲ್ಲಿ ಮಲಗಿಸಿಕೊಂಡು ಹೋದೆವು. ಅಂಬಲಿ ಎರಡು ಗುಟುಕು ಕುಡಿದು, ಉಪ್ಪು ಸರಿಯಾಗಿದೆ ಅಂದಳು. ಅವತ್ತು ನಾನು ಉಪ್ಪು ಹಾಕುವುದನ್ನೇ ಮರೆತಿದ್ದೆ.

ಆ ಎರಡು ವರ್ಷ ದಿನಾ ಬೆಳಿಗ್ಗೆ ಅವಳ ಕೈ ನಾದುತ್ತಿದ್ದೆ. "ಇವತ್ತ ಎಷ್ಟು?" ಎಂದು ಕೇಳುತ್ತಿದ್ದಳು. "ಎರಡು-ಆರು" ಎನ್ನುತ್ತಿದ್ದೆ. ಕೊನೆಯ ದಿನಗಳಲ್ಲಿ ಕೇಳಲು ದನಿ ಬರುತ್ತಿರಲಿಲ್ಲ, ಹುಬ್ಬು ಮೇಲೆತ್ತುತ್ತಿದ್ದಳು. ಎರಡು-ಆರು ಎನ್ನುತ್ತಿದ್ದೆ.

ಆಮೇಲೆ ನಾನು ಸಾವಿರಾರು ಕೈ ಹಿಡಿದಿದ್ದೇನೆ. ಎರಡು-ಆರರವೇ ಎಷ್ಟೋ ಬಂದವು. ಹೆಬ್ಬೆರಳ ಬುಡದಲ್ಲಿ ಆ ಗಂಟಿರುವ ಕೈ ಬರಲಿಲ್ಲ. ಒಮ್ಮೊಮ್ಮೆ ಅಂಗಡಿಯ ಮಧ್ಯಾಹ್ನದಲ್ಲಿ, ಗಿರಾಕಿ ಇಲ್ಲದಾಗ, ನನ್ನ ಹೆಬ್ಬೆರಳ ಬುಡವನ್ನೇ ಮುಟ್ಟಿ ನೋಡಿಕೊಳ್ಳುತ್ತೇನೆ. ನನಗೂ ಗಂಟಾಗಿದೆ, ಆದರೆ ಅಷ್ಟು ದೊಡ್ಡದಲ್ಲ. ಏನು ಮಾಡಲಿ, ನಾನು ಕೊಸರನ್ನು ಅವಳಷ್ಟು ಧಾರಾಳವಾಗಿ ಕೊಡಲಿಲ್ಲ.

ಇನ್ನೊಂದು ಪುಕ್ಕಟೆ ಮಾತು, ಇದನ್ನು ಮಾತ್ರ ಬೆಲೆಯುಳ್ಳದ್ದೆಂದು ಇಟ್ಟುಕೊಳ್ಳಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಅದು ತಿರುಗಿ ಬಂದ ಮುಟ್ಟಲ್ಲ. ಮರುದಿನವೇ ದವಾಖಾನೆಗೆ ಹೋಗಿ. ಮನೆಯಲ್ಲಿ ಎಲ್ಲರ ಹಣೆ ಮುಟ್ಟಿ ಜ್ವರ ನೋಡುವವಳು ಯಾರಿದ್ದಾಳೋ, ಅವಳ ಕೈಯನ್ನು ವಾರಕ್ಕೊಮ್ಮೆ ಹಿಡಿದು ನೋಡಿ. ಅಳತೆ ಗೊತ್ತಾಗದಿದ್ದರೂ ಚಿಂತೆಯಿಲ್ಲ.

ಮೊನ್ನೆ ಆ ಕಾಲೇಜಿನ ಮೇಡಂ ಅಂಗಡಿಗೆ ಬಂದಳು. ಜಗಳಕ್ಕೇ ಬಂದಳೆಂದು ಮೊಮ್ಮಗಳು ಒಳಗೆ ಅಡಗಿದಳು. "ರಕ್ತ ಟೆಸ್ಟ್ ಮಾಡಿಸಿದೆರೀ. ನೀವು ಹೇಳಿದ್ದು ಖರೇ ಇತ್ತು. ಗುಳಿಗಿ ಕೊಟ್ಟಾರ" ಎಂದು ನಕ್ಕಳು. ಒಂದು ಡಜನ್ ಎರಡು-ನಾಲ್ಕು ಕೊಂಡಳು. ಅವಳ ಹಿಂದೆ ಅವಳ ತಾಯಿ ಬಂದಿದ್ದರು. ಹಣೆ ಬರಿದು, ಕೈ ಬರಿದು. ಮೆಟ್ಟಿಲು ಹತ್ತದೆ ಕೆಳಗೇ ನಿಂತಿದ್ದರು.

"ಮ್ಯಾಲ ಬರ್ರಿ ಅಕ್ಕಾ."

"ನಂದೇನದರಿ ಬಳಿ ಅಂಗಡ್ಯಾಗ? ಮಗಳು ತಗೋಳ್ಳಿ."

ನನ್ನ ಗಂಡ ಹೋಗಿಯೂ ಎಂಟು ವರ್ಷವಾಯಿತು. ನನ್ನ ಎರಡು ಬೋಳು ಕೈಗಳನ್ನು ಅವರಿಗೆ ತೋರಿಸಿದೆ. "ಬಳಿ ಯಾರಿಗಿ ಬೇಕ್ರಿ? ಕೈ ಕೊಡ್ರಿ ನೋಡೋಣ."

ಅವರು ನನ್ನನ್ನು, ಮಗಳನ್ನು, ಮತ್ತೆ ನನ್ನನ್ನು ನೋಡಿದರು. ಮೆಟ್ಟಿಲು ಹತ್ತಿದರು. ಸೆರಗಿನೊಳಗಿಂದ ಕೈ ತೆಗೆದು ನನ್ನ ಕೈಯಲ್ಲಿಟ್ಟು, ನಾಚಿಕೆ ಮುಚ್ಚಿಕೊಳ್ಳಲೆಂದೋ ಏನೋ, ಹುಸಿ ಗದರಿಕೆಯಿಂದ ಕೇಳಿದರು:

"ಕೊಟ್ರ, ಕೊಸರು ಏನ್ ಕೊಡ್ತೀರಿ?"

ಬೇವಿನ ಮರದ ಕೆಳಗೆ ಅತ್ತೆ ಕೇಳಿದ್ದೂ ಇದನ್ನೇ. ನಾನು ಅವರ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ನಾದಿದೆ.